ಕೆಂದಿಯ ಬಟ್ಟಲು

ಹೊಳೆದಂಡೆಯ ಆ ಚಿಕ್ಕ ಮಠದಲ್ಲಿ ವ್ರತ ಹಿಡಿಯುವುದೆಂದರೆ ಶಿಷ್ಯ ಅಡವಯ್ಯನದೇ ಎತ್ತಿದ ಕೈ. ಸೋಮವಾರ ಒಪ್ಪತ್ತು, ಅಮಾವಾಸ್ಯೆಗೆ ಮೌನ, ಶ್ರಾವಣ ಪೂರ್ತಿ ಉಪ್ಪಿಲ್ಲದ ಊಟ. ಗುರುಗಳು ಮಾತ್ರ ದಿನಾ ಎರಡು ಹೊತ್ತು ಉಪ್ಪು ಹಾಕಿಸಿಕೊಂಡೇ ಉಣ್ಣುತ್ತಿದ್ದರು. ಅವರನ್ನು ಎಲ್ಲರೂ ಅಜ್ಜಾರು ಎಂದು ಕರೆಯುತ್ತಿದ್ದರು.

ಅಜ್ಜಾರು ದೂರದ ಊರಿಗೆ ಒಂದು ಗೃಹಪ್ರವೇಶಕ್ಕೆ ಹೋದ ದಿನ ಅಡವಯ್ಯ ಒಂದು ನಾಯಿಯನ್ನು ಹೊತ್ತುಕೊಂಡು ಬಂದ.

ಮಳೆ ಹಿಡಿಯಿತೆಂದು ಇಟ್ಟಂಗಿ ಭಟ್ಟಿ ಮುಚ್ಚಿ ಹೋದವರು ಅದನ್ನು ಗೂಟಕ್ಕೆ ಕಟ್ಟಿದ್ದನ್ನೇ ಮರೆತಿದ್ದರು. ಮರಿಯಿದ್ದಾಗ ಬಿಗಿದ ಹಗ್ಗ ಕುತ್ತಿಗೆಯೊಳಗೆ ಹೂತುಹೋಗಿತ್ತು. ಮೈಯಲ್ಲಿ ಎಲುಬು ಬಿಟ್ಟರೆ ಮೆತ್ತಿಕೊಂಡ ಇಟ್ಟಂಗಿಯ ಕೆಂಪು ಮಣ್ಣು. ಅಡುಗೆಯ ನಿಂಬೆವ್ವ ಅದನ್ನು ಕೆಂದಿ ಎಂದು ಕರೆದಳು.

ದನದ ಡಾಕ್ಟರು ಬಂದು ಹಗ್ಗ ಕತ್ತರಿಸಿ, ಗಾಯ ತೊಳೆದು, ಸೂಜಿ ಹಾಕಿದರು.

“ಗಾಯ ಮಾಯತೈತಿ. ಆದ್ರ ಹೊಟ್ಟಿಗೆ ಏನರ ಬೀಳಬೇಕು. ಮೂರು ದಿನದಾಗ ತಿನ್ನಲಿಲ್ಲಂದ್ರ ನನ್ನ ಕರೀಬ್ಯಾಡ್ರಿ, ಗುದ್ದಲಿ ತಗೋರಿ.”

ಅಡವಯ್ಯ ಹಾಲಿನಲ್ಲಿ ರೊಟ್ಟಿ ಕಲಸಿ ಮುಂದಿಟ್ಟ. ಕೆಂದಿ ಮೂಸಲೂ ಇಲ್ಲ.

ಅವನಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ. ಕೊರಳ ಲಿಂಗ ಮುಟ್ಟಿ, “ಇದು ಉಣ್ಣೂ ತನಕ ನಾನೂ ಉಣ್ಣಂಗಿಲ್ಲ,” ಅಂದ. ಬಟ್ಟಲಿನಿಂದ ಮೊಳದ ದೂರದಲ್ಲಿ ಚಕ್ಕಳಮಕ್ಕಳ ಹಾಕಿ, ಬಟ್ಟಲನ್ನೇ ನೋಡುತ್ತ ಕೂತ.

ಕೆಂದಿ ಗೋಡೆಗೆ ಒತ್ತಿಕೊಂಡು ಅವನನ್ನೇ ನೋಡುತ್ತ ಮಲಗಿತು.

ಎರಡನೆಯ ದಿನ ಸುದ್ದಿ ಊರಿಗೆ ಮುಟ್ಟಿತು. “ನಾಯಿ ಸಲುವಾಗಿ ಸ್ವಾಮಿ ಉಪಾಸ ಕುಂತಾರಂತ!” ಎಂದು ಹೆಂಗಸರು ಬಂದು ಕಾಲು ಮುಟ್ಟಿದರು. ಅಡವಯ್ಯನಿಗೆ ಅದರಿಂದ ಬೇಸರವೇನೂ ಆಗಲಿಲ್ಲ.

ಮೂರನೆಯ ದಿನ ಕೆಂದಿ ತಲೆ ಎತ್ತುವುದನ್ನೂ ಬಿಟ್ಟಿತು. ಆಗ ಅವನಿಗೆ ಯಾರ ಹೊಗಳಿಕೆಯೂ ಬೇಡವಾಯಿತು. ಈ ಬಡಜೀವ ಒಂದು ತುತ್ತು ತಿಂದರೆ ಸಾಕಿತ್ತು. ಕೂತಲ್ಲೇ ಅತ್ತ.

ಅಷ್ಟು ಹೊತ್ತಿಗೆ ಅಜ್ಜಾರು ಮರಳಿ ಬಂದರು. ಬಾಗಿಲಲ್ಲಿ ನಿಂತು ನಾಯಿಯನ್ನು ನೋಡಿದರು, ಬಟ್ಟಲು ನೋಡಿದರು, ಶಿಷ್ಯನನ್ನು ನೋಡಿದರು.

“ಅದು ಉಂಡೈತೇನು?”

“ಇಲ್ಲರಿ.”

“ನೀ?”

“ಅದು ಉಣ್ಣದ ನಾ ಹೆಂಗ ಉಣ್ಣಲ್ರಿ? ಲಿಂಗ ಮುಟ್ಟಿ ಆಣಿ ಮಾಡೇನ್ರಿ.”

“ನಿನ್ನ ಆಣಿ ಅದಕ್ಕ ಗೊತ್ತೈತೇನು?”

ಅಜ್ಜಾರು ಅಡುಗೆಮನೆಯ ಕಡೆ ತಿರುಗಿದರು.

“ನಿಂಬೆವ್ವಾ, ಇವಗ ಎಲಿ ಹಾಕು.”

“ನೀವೂ ಮುಂಜಾನಿಂದ ಉಪಾಸ ನಡಕೋತ ಬಂದೀರಿ, ಅಜ್ಜಾರ,” ಅಂದಳು ನಿಂಬೆವ್ವ.

“ಮೊದಲ ಇವಗ ಹಾಕು.”

ಪತ್ರಾವಳಿ ಬಂತು. ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಒಂದಿಷ್ಟು ಬೆಣ್ಣೆ.

“ಅಜ್ಜಾರ, ನನ್ನ ವ್ರತ...”

“ಅದರ ಮಾತು ಆಮ್ಯಾಲ ಆಡೂಣು. ಉಣ್ಣು.”

ಗುರುವಿನ ಮಾತು ಮೀರುವಂತಿಲ್ಲ. ಅಡವಯ್ಯ ರೊಟ್ಟಿ ಮುರಿದ. ಅಜ್ಜಾರು ಅವನ ಎಲೆಯಿಂದ ಮೊಳದ ದೂರದಲ್ಲಿ ಕೂತು, ರೆಪ್ಪೆ ಬಡಿಯದೆ ಎಲೆಯನ್ನೇ ನೋಡತೊಡಗಿದರು.

ತುತ್ತು ಬಾಯಿಯ ಹತ್ತಿರ ಹೋಯಿತು, ಮರಳಿ ಎಲೆಗೆ ಬಂತು. ಮತ್ತೆ ಹೋಯಿತು, ಮತ್ತೆ ಬಂತು. ಮೂರು ದಿನದ ಹಸಿವು ಹೊಟ್ಟೆಯಲ್ಲಿ ಕೂಗುತ್ತಿದ್ದರೂ ಬಾಯಿ ತೆರೆಯಲೊಲ್ಲದು.

“ಅಜ್ಜಾರ, ಹಸದವ್ರು ನೀವು. ಹಿಂಗ ನೋಡಿಕೋತ ಕುಂತ್ರ ನನಗ ತುತ್ತು ಹೆಂಗ ಇಳೀಬೇಕ್ರಿ?”

ಅಜ್ಜಾರು ಕತ್ತು ತಿರುಗಿಸಿ ಕೆಂದಿಯ ಕಡೆ ನೋಡಿದರು.

ಅಡವಯ್ಯನೂ ನೋಡಿದ. ಅವನಿಗೆ ನಾಚಿಕೆಯಾಯಿತು.

“ಈಗೇನ ಮಾಡಲ್ರಿ?”

“ಅತ್ಲಾಗ ತಿರುಗಿ ಕೂಡು. ನನಗೂ ಹಸದೈತಿ. ಹೊಟ್ಟಿತುಂಬ ಉಣ್ಣೂಣು.”

ಇಬ್ಬರೂ ನಾಯಿಗೆ ಬೆನ್ನು ಹಾಕಿ ಕೂತರು. ನಿಂಬೆವ್ವ ಅಜ್ಜಾರಿಗೂ ಬಡಿಸಿ, ಕೆಂದಿಯ ಬಟ್ಟಲಿಗೆ ಹೊಸದಾಗಿ ಹಾಲು ರೊಟ್ಟಿ ಹಾಕಿ ಒಳಗೆ ಹೋದಳು. ಅಜ್ಜಾರು ಉಣ್ಣುತ್ತ ಗೃಹಪ್ರವೇಶದ ಸುದ್ದಿ ತೆಗೆದರು. ಹೊಸ ಮನೆಯ ಬಾಗಿಲು ಗಿಡ್ಡವಂತೆ, ಹೊಕ್ಕವರೆಲ್ಲ ಹಣೆ ಬಡಿಸಿಕೊಂಡರಂತೆ, ಮೊದಲು ಬಡಿಸಿಕೊಂಡವನು ಕಟ್ಟಿದ ಬಡಿಗನೇ ಅಂತೆ. ಅಡವಯ್ಯನಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಎರಡನೆಯ ರೊಟ್ಟಿಗೆ ಕೈ ಹಾಕಿದ.

ಬೆನ್ನ ಹಿಂದೆ ಬಟ್ಟಲು ನೆಲಕ್ಕೆ ಉಜ್ಜಿದ ಸದ್ದಾಯಿತು. ಆಮೇಲೆ ಲೊಚ ಲೊಚ ನೆಕ್ಕುವ ಸದ್ದು.

ಅವನು ತಿರುಗಲು ಹೋದ. ಅಜ್ಜಾರು ಅವನ ಮೊಣಕಾಲು ಒತ್ತಿ ಹಿಡಿದರು.

“ಪಲ್ಯ ಹಾಕ್ಕೋ.”

ಅಡವಯ್ಯ ಹಾಕಿಕೊಂಡ. ಕಣ್ಣೀರು ಎಲೆಗೆ ಬೀಳುತ್ತಿತ್ತು. ಹಾಗೇ ಉಂಡ.

ಸಂಜೆ ಹೊಳೆಗೆ ಹೋಗುವಾಗ ಕೇಳಿದ: “ಆಣಿ ಮುರದೆ, ಅಜ್ಜಾರ. ಪ್ರಾಯಶ್ಚಿತ್ತ ಏನ್ರಿ?”

“ಐತಿ. ಹೊತ್ತು ಬಂದಾಗ ತಾನ ಬರ್ತೈತಿ.”

ಅಂದಿನಿಂದ ಮಠದಲ್ಲಿ ದಿನಾ ಬೆನ್ನು ಹಾಕಿಯೇ ಊಟ. ಎಂಟು ದಿನಕ್ಕೆ ಕೆಂದಿ ಗೋಡೆ ಬಿಟ್ಟು ಈಚೆ ಬಂತು. ಗಾಯ ಮಾಯಿತು. ಡಾಕ್ಟರು ಹೂಂ ಅಂದಮೇಲೆ ಹೊಳೆಯಲ್ಲಿ ಮೈ ತೊಳೆದರು. ಕೆಂಪೆಲ್ಲ ನೀರಿಗೆ ಹೋಗಿ ಬಿಳಿ ನಾಯಿಯೊಂದು ಮೇಲೆ ಬಂತು.

“ಇರಲಿ ಬಿಡ್ರಿ, ಕೆಂದಿ ಅಂದ್ರನ ಓಡಿ ಬರ್ತೈತಿ,” ಅಂದಳು ನಿಂಬೆವ್ವ.

ದೀಪಾವಳಿ ಮುಗಿದ ಮೇಲೆ ಒಂದು ಮಧ್ಯಾಹ್ನ ಕೆಂದಿ ತನ್ನ ಬಟ್ಟಲು ನೆಕ್ಕಿ ಮುಗಿಸಿತು. ಸುತ್ತು ಹಾಕಿ ಮುಂದೆ ಬಂದು, ಅಡವಯ್ಯನ ಎಲೆಯಿಂದ ಮೊಳದ ದೂರದಲ್ಲಿ ಕೂತಿತು. ರೆಪ್ಪೆ ಬಡಿಯದೆ ಅವನ ರೊಟ್ಟಿಯನ್ನೇ ನೋಡತೊಡಗಿತು. ಬಾಲ ನೆಲ ಗುಡಿಸುತ್ತಿತ್ತು.

ತುತ್ತು ಬಾಯಿಯ ಹತ್ತಿರ ಹೋಯಿತು, ಮರಳಿ ಎಲೆಗೆ ಬಂತು.

“ಅಜ್ಜಾರ, ಇದಕ್ಕ ಒಂದೀಟು ಹೇಳ್ರಿ. ಹಿಂಗ ನೋಡಿಕೋತ ಕುಂತ್ರ ನಾ ಹೆಂಗ ಉಣ್ಣಲಿ?”

ಅಜ್ಜಾರು ಎಲೆಯಿಂದ ತಲೆ ಎತ್ತಲಿಲ್ಲ.

“ಪ್ರಾಯಶ್ಚಿತ್ತ ಕೇಳಿದ್ದಿ ಅಲ್ಲ, ಬಂದು ಕುಂತೈತಿ. ಅರ್ಧ ಅದಕ್ಕ ಹಾಕು, ಅರ್ಧ ನೀ ಉಣ್ಣು.”