ಕಟ್ಟಿದವನ ಮಟಮಟ ಮಧ್ಯಾಹ್ನ

ಮೌನಪ್ಪಜ್ಜಾರಿಗೆ ಆ ಹೆಸರಿಟ್ಟ ಪುಣ್ಯಾತ್ಮರು ಅವರ ಬಾಯಿ ಕೇಳಿರಲಿಕ್ಕಿಲ್ಲ. ಹೊಳೆದಂಡೆಯ ಅವರ ಸಣ್ಣ ಮಠಕ್ಕೆ ಜನ ಶಾಂತಿ ಬೇಕೆಂದು ಬರುತ್ತಿದ್ದರು, ಬೈಸಿಕೊಂಡು ಹೋಗುತ್ತಿದ್ದರು. ಮತ್ತೆ ಬರುತ್ತಿದ್ದರು. ಬೈಗುಳದಲ್ಲಿ ಸುಳ್ಳಿದ್ದಿದ್ದರೆ ಯಾರು ಬರುತ್ತಿದ್ದರು ಹೇಳಿ.

ಯಮನೂರ ಅವರ ಶಿಷ್ಯ. ಕಸುಬಿನಿಂದ ಗೌಂಡಿ, ಊರಲ್ಲಿ ಮನೆ ಕಟ್ಟಿಸುವವರಿಗೆಲ್ಲ ಗುತ್ತಿಗೆ ಹಿಡಿಯುವವನು. ಜೊತೆಗೆ ಸಣ್ಣದೊಂದು ತಂಡ, ಅಷ್ಟೇ ಅವನ ಆಸ್ತಿ. ಊರಿನ ಮಣ್ಣಿನ ಮಾಳಿಗೆಗಳನ್ನು ಕೆಡವಿ ಸಿಮೆಂಟಿನ ಸ್ಲ್ಯಾಬು ಹಾಕಿಕೊಟ್ಟವನು ಅವನೇ. ಮಠದ ಧ್ಯಾನಮಂದಿರವನ್ನೂ ಅವನೇ ಕಟ್ಟಿದ್ದ. ಬಾಗಿಲ ಮೇಲೆ ಅವನ ಹೆಸರು ಕೆತ್ತಿದ ಕಲ್ಲಿತ್ತು.

ಆ ಮಂದಿರದಲ್ಲಿ ಧ್ಯಾನ ಮಾತ್ರ ಆಗುತ್ತಿರಲಿಲ್ಲ. ಬೇಸಿಗೆಯಲ್ಲಿ ಒಳಗೆ ಹೋದವರು ‘ಶಿವಾ’ ಅನ್ನುವ ಮೊದಲು ‘ಉಸ್ಸಪ್ಪಾ’ ಅನ್ನುತ್ತಿದ್ದರು. ಅಜ್ಜಾರು ಹೊರಗೆ ಬೇವಿನ ಮರದ ಕೆಳಗೆ ಕೂರುತ್ತಿದ್ದರು, ಒಳಗೆ ಜೋಳದ ಚೀಲ ಇಡುತ್ತಿದ್ದರು.

ಚೈತ್ರದ ಒಂದು ಮಧ್ಯಾಹ್ನ ಯಮನೂರ ಬುಸುಗುಟ್ಟುತ್ತ ಬಂದ. ನಮಸ್ಕಾರ ಮಾಡುವುದನ್ನೂ ಮರೆತಿದ್ದ.

ಮಠದ ಕಮಿಟಿಯವರು ಮಂದಿರ ಕೆಡವಬೇಕೆಂದು ಮಾತಾಡಿಕೊಂಡಿದ್ದರು. ಪಟ್ಟಣದಿಂದ ದೊಡ್ಡ ಕಂಪನಿಯೊಂದು ಬಂದು ಅದೇ ಜಾಗದಲ್ಲಿ ‘ಹಸಿರು ಕಟ್ಟಡ’ ಕಟ್ಟುವುದಂತೆ. ಕಮಿಟಿಯ ಸಂಗನಗೌಡರು ಅದರ ಬಣ್ಣದ ಚಿತ್ರ ತೋರಿಸಿ, ಕೆಡವೋ ಕೆಲಸ ಬೇಕಾದರೆ ನೀನೇ ಮಾಡು ಎಂದು ಯಮನೂರನಿಗೆ ಹೇಳಿದ್ದರು. ಅದೂ ದೊಡ್ಡ ಉಪಕಾರ ಮಾಡಿದವರ ಹಾಗೆ.

ಅವನ ಅನ್ನಕ್ಕೇ ಕಲ್ಲು ಬಿದ್ದಿತ್ತು. ತಾನು ಕಟ್ಟಿದ್ದನ್ನು ತನ್ನ ಕೈಯಿಂದಲೇ ಕೆಡವಿಸಿದರೆ ನಾಳೆ ಊರಲ್ಲಿ ಒಂದು ಕಟ್ಟೆ ಕಟ್ಟಲಿಕ್ಕೂ ಯಾರೂ ಕರೆಯುವುದಿಲ್ಲ. ತಂಡದವರು ಆಗಲೇ ಗೋವಾಕ್ಕೆ ಹೋಗುವ ಮಾತಾಡುತ್ತಿದ್ದರು. ಅವರು ಹೋದರೆ ಇವನು ಕೈಯಲ್ಲಿ ಕರಣಿ ಹಿಡಿದ ಒಂಟಿ ಮನುಷ್ಯ.

ಇದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದ. ಕಂಪನಿಯನ್ನು ಬೈದ, ಕಮಿಟಿಯನ್ನು ಬೈದ, ಗಾಜಿನ ಗೋಡೆಯ ಪಕ್ಕ ಒಂದು ಹೂಕುಂಡ ಇಟ್ಟರೆ ಹಸಿರಾಗುತ್ತದೆಯೇ ಎಂದು ಹಲ್ಲು ಕಡಿದ.

“ಒಂದು ಮಾತು ಹೇಳ್ರಿ ಅಜ್ಜಾರ. ನಿಮ್ಮ ಮಾತು ಅವರು ಮೀರೂದಿಲ್ಲ. ನನ್ನ ಮಂದಿರ ಉಳಿಸಿಕೊಡ್ರಿ.”

ಅಜ್ಜಾರು ಎದ್ದರು. ಮಂದಿರದ ಬಾಗಿಲು ತೆಗೆದು ಒಳಗೆ ಕೈ ತೋರಿಸಿದರು. ಕಟ್ಟಡ ನೋಡಲಿಕ್ಕೆ ಕರೆಯುತ್ತಿದ್ದಾರೆ ಅಂದುಕೊಂಡು ಯಮನೂರ ಮುಂದೆ ಹೋದ. ಹಿಂದೆ ಬಾಗಿಲು ಮುಚ್ಚಿತು. ಹೊರಗಿನ ಚಿಲಕ ಬಿತ್ತು.

“ಅಜ್ಜಾರ, ಏನಿದು?”

“ನೀ ಕಟ್ಟಿದ್ದು. ಕೂಡ್ರು.”

ಒಳಗೆ ಒಂದು ಕೊಡ ನೀರಿತ್ತು. ಕೊಲ್ಲುವ ಉದ್ದೇಶ ಅಜ್ಜಾರಿಗೆ ಇರಲಿಲ್ಲ, ಸಿಟ್ಟು ಮಾತ್ರ ಇತ್ತು.

ಯಮನೂರ ಬಾಗಿಲು ಬಡಿದ, ಕೂಗಿದ. ಕಂಪನಿಯನ್ನು ಇನ್ನೊಮ್ಮೆ ಬೈದ. ಅದು ಮುಗಿದ ಮೇಲೆ ಅಜ್ಜಾರನ್ನೂ ಮನಸ್ಸಿನಲ್ಲೇ ಬೈದ. ಆಮೇಲೆ ಬೈಯಲಿಕ್ಕೆ ಯಾರೂ ಉಳಿಯಲಿಲ್ಲ, ಸೆಕೆ ಉಳಿಯಿತು. ಗೋಡೆಗೆ ಕೈ ಇಟ್ಟವನು ಥಟ್ಟನೆ ಹಿಂದಕ್ಕೆ ತೆಗೆದ.

ನೋಡಿ, ಎಷ್ಟೊಂದು ಮನೆ ಕಟ್ಟಿದ ಈ ಮನುಷ್ಯ ತಾನು ಕಟ್ಟಿದ ಯಾವ ಮನೆಯಲ್ಲೂ ಮಟಮಟ ಮಧ್ಯಾಹ್ನ ಕೂತವನಲ್ಲ. ಆ ಕಡೆಯ ರೂಢಿಯೇ ಹಾಗೆ. ವಾಸ್ತುಶಾಂತಿ ನಸುಕಿನಲ್ಲಿ ಆಗುತ್ತದೆ, ನಸುಕಿನಲ್ಲಿ ಯಾವ ಮನೆಯೂ ತಂಪೇ. ಯಜಮಾನ ಗೌಂಡಿಯ ಹೆಗಲಿಗೆ ಶಲ್ಯ ಹೊದಿಸುತ್ತಾನೆ, ಗೌಂಡಿ ಹೋಳಿಗೆ ಉಂಡು ಹೋಗುತ್ತಾನೆ. ಮತ್ತೆ ಆ ಓಣಿಗೆ ಕಾಲಿಡುವುದಿಲ್ಲ.

ಕಿಟಕಿಯ ಹತ್ತಿರ ಬಂದು ಅವನು ಗೋಗರೆದ. “ಬಾಗಲಾ ತಗೀರಿ ಅಜ್ಜಾರ. ಒಳಗ ಒಲಿ ಆಗೇತಿ.”

“ಆಗೇತಿ ಅನಬ್ಯಾಡ. ಮಾಡೇನಿ ಅನ್ನು.”

ಜನ ಕೇಳಿದ್ದನ್ನೇ ತಾನು ಕಟ್ಟಿಕೊಟ್ಟದ್ದು ಎಂದು ಯಮನೂರ ವಾದಕ್ಕೆ ಇಳಿದ. ಮಣ್ಣಿನ ಮಾಳಿಗೆ ಸೋರುತ್ತಿತ್ತು, ವರ್ಷವರ್ಷ ಮಣ್ಣು ಹಾಕಬೇಕಾಗಿತ್ತು, ಸ್ಲ್ಯಾಬು ಇಲ್ಲದ ಮನೆಗೆ ಹೆಣ್ಣು ಕೊಡಲಿಕ್ಕೂ ಜನ ಹಿಂದೆಮುಂದೆ ನೋಡುತ್ತಿದ್ದರು. ಎಲ್ಲ ಗೌಂಡಿಗಳೂ ಹೀಗೇ ಕಟ್ಟುತ್ತಾರೆ ಅಂದ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

“ದಿನಾ ಭಿಕ್ಷಾಕ್ಕ ಹೋಗಾಂವ ನಾನು,” ಅಜ್ಜಾರು ಅಂದರು. “ನೀ ಶಲ್ಯ ಹೊತಗೊಂಡು ಬಂದ ಮನಿಗಳ ಹೊಸ್ತಿಲಾ ನಾ ತುಳೀತೇನಿ. ನೀಲವ್ವ ಹಸೀ ಬಾಣಂತಿ. ನೀ ಹಾಕಿದ ಸ್ಲ್ಯಾಬಿನ ಬುಡಕ ಕೂಡಾಕ ಆಗದ, ಕೂಸಿನ್ನ ಸೆರಗಿನ್ಯಾಗ ಸುತಗೊಂಡು ಬೀದಿ ಗಿಡದ ನೆರಳಿಗೆ ಕೂತಾಳ. ಕೂಸಿನ ಮೈತುಂಬ ಬೆವರಗುಳ್ಳಿ. ಭಿಕ್ಷಾ ನೀಡಾಕ ಎದ್ದು ಬಂದ್ಲು, ನನಗ ಜೋಳಿಗಿ ಒಡ್ಡಾಕ ನಾಚಿಕಿ ಆತು. ನಿನಗ ಕಲ್ಲಿನ ಮ್ಯಾಲಿನ ಹೆಸರಿನ ಚಿಂತಿ.”

ಯಮನೂರ ಒಳಗಿನಿಂದ ಮಾತಾಡಿದ. ಆ ದನಿಯಲ್ಲಿ ನಾಚಿಕೆಯೂ ಇತ್ತು, ಹಟವೂ ಇತ್ತು. “ಹಂಗಾರ ಕೆಡವಲಿ ಬಿಡ್ರಿ. ಕಂಪನಿಯವರಾದ್ರೂ ಚಲೋ ಕಟ್ಟಲಿ.”

ಅಜ್ಜಾರಿಗೆ ನಿಜವಾದ ಸಿಟ್ಟು ಬಂದದ್ದು ಆಗ. ಕಿಟಕಿಯ ಸರಳು ಹಿಡಿದು ನಿಂತರು.

“ಜ್ವರ ಬಂದ ಕೂಸಿನ್ನ ಹುಗದು ಮತ್ತೊಂದು ಹಡೀತಾರೇನಲೇ?”

ಯಮನೂರ ಕೊಡದಲ್ಲಿದ್ದ ನೀರು ತಲೆಗೆ ಸುರಿದುಕೊಂಡು, ನೆಲದ ಮೇಲೆ ಅಂಗಾತ ಮಲಗಿದ. ಮಲಗಿ ಛಾವಣಿ ನೋಡಿದ.

ಸಿಟ್ಟಿನ ಕಣ್ಣಿಗೆ ಕಾಣದ್ದು ಆಗ ಗೌಂಡಿಯ ಕಣ್ಣಿಗೆ ಕಂಡಿತು. ಬಿಸಿಯೆಲ್ಲ ಮೇಲಿನಿಂದ ಇಳಿಯುತ್ತಿತ್ತು. ಕಾದ ಗಾಳಿ ಸ್ಲ್ಯಾಬಿನ ಕೆಳಗೆ ಹೋಗಿ ಕೂತಿತ್ತು, ಅಷ್ಟು ಎತ್ತರದಲ್ಲಿ ಹೊರಗೆ ಹೋಗಲಿಕ್ಕೆ ದಾರಿ ಇರಲಿಲ್ಲ. ಪಡುವಣ ಗೋಡೆಗೆ ನೆರಳಿರಲಿಲ್ಲ. ಹಳೆಯ ಮಾಳಿಗೆಗಳಿಗೆ ಬೆಳಕಿಂಡಿ ಇರುತ್ತಿತ್ತು, ಅದರಿಂದ ಬೆಳಕು ಬರುತ್ತಿತ್ತು, ಸೆಕೆ ಹೋಗುತ್ತಿತ್ತು. ಆ ಮಾಳಿಗೆಗಳನ್ನೆಲ್ಲ ತಾನೇ ಕಿತ್ತು ಗಾಡಿಯಲ್ಲಿ ಹೇರಿ ಹೊಳೆಗೆ ಸುರಿದು ಬಂದದ್ದು ಅವನಿಗೆ ನೆನಪಾಯಿತು.

“ಅಜ್ಜಾರ,” ಅಂದ. “ನಿಚ್ಚಣಿಕಿ ಎಲ್ಲೈತ್ರಿ?”

ಅಜ್ಜಾರು ಚಿಲಕ ತೆಗೆದರು. ಹೊರಗೆ ಬಂದ ಯಮನೂರನ ಮುಖ ಕೆಂಡವಾಗಿತ್ತು. ಅಜ್ಜಾರ ಮುಖವೂ ಕೆಂಡವೇ. ಅವರು ಅಷ್ಟು ಹೊತ್ತೂ ಬೇವಿನ ಕೆಳಗೆ ಹೋಗದೆ ಮಂದಿರದ ಮೆಟ್ಟಿಲ ಮೇಲೆ ಬಿಸಿಲಲ್ಲೇ ಕೂತಿದ್ದರು.

ಕೆಲಸ ಸುರುವಾಗುವ ಮೊದಲೇ ತಂಡದಲ್ಲಿ ಜಗಳ ಬಿತ್ತು. ಹಿರಿಯ ಗೌಂಡಿ ಖಾಜೇಸಾಬ ಕರಣಿ ಕೆಳಗಿಟ್ಟ. ನಾವು ಕಟ್ಟಿದ್ದನ್ನು ನಾವೇ ತಿದ್ದಿದರೆ ತಪ್ಪು ಒಪ್ಪಿಕೊಂಡ ಹಾಗಲ್ಲವೇ, ನಾಳೆ ಊರು ನಮ್ಮನ್ನು ತೇಪೆ ಗೌಂಡಿಗಳು ಅನ್ನುತ್ತದೆ ಅಂದ. ಅನ್ನಲಿ ಅಂದ ಯಮನೂರ, ಮತ್ತು ತಾನೇ ಮೊದಲು ನಿಚ್ಚಣಿಕೆ ಹತ್ತಿದ. ಅವನು ಬಿಸಿಲಲ್ಲಿ ಒಬ್ಬನೇ ಸುತ್ತಿಗೆ ಹೊಡೆಯುವುದನ್ನು ನೋಡಲಾರದೆ ಖಾಜೇಸಾಬ ಗೊಣಗುತ್ತ ಹಿಂದೆ ಹತ್ತಿದ.

ಸ್ಲ್ಯಾಬಿನ ಕೆಳಗೆ ಎದುರುಬದುರು ಗೋಡೆಗಳಲ್ಲಿ ಗಾಳಿಕಿಂಡಿ ಕೊರೆದರು. ಮೇಲೆ ಒಡಕು ಹೆಂಚಿನ ಚೂರುಗಳನ್ನು ಸುಣ್ಣದ ಗಾರೆಯಲ್ಲಿ ದಪ್ಪಗೆ ಕೂರಿಸಿ, ಮೇಲ್ಮೈಗೆ ಬಿಳಿ ಸುಣ್ಣ ಬಳಿದರು. ಪಡುವಣ ಗೋಡೆಗೆ ಚಪ್ಪರ ಹಾಕಿ ಹೀರೆ ಬಳ್ಳಿ ಹಬ್ಬಿಸಿದರು. ಹೆಂಚಿನ ಚೂರು ಊರ ತಿಪ್ಪೆಯಲ್ಲೇ ಬಿದ್ದಿತ್ತು. ಇಷ್ಟು ವರ್ಷ ಅದನ್ನು ತುಳಿದುಕೊಂಡೇ ಓಡಾಡಿದ್ದರು.

ಕೆಡವುವ ದಿನ ಗೊತ್ತು ಮಾಡಲಿಕ್ಕೆ ಸಂಗನಗೌಡರು ಕಂಪನಿಯ ಎಂಜಿನಿಯರನನ್ನು ಕರೆದುಕೊಂಡು ಬಂದರು. ಮಧ್ಯಾಹ್ನವೇ ಬರಬೇಕೆಂದು ಅಜ್ಜಾರು ಹೇಳಿ ಕಳಿಸಿದ್ದರು. ಎಲ್ಲರನ್ನೂ ಮಂದಿರದೊಳಗೆ ಕೂರಿಸಿದರು.

ಒಳಗೆ ಹೊಳೆಯ ತಂಪೇನೂ ಇರಲಿಲ್ಲ. ಕೂರಬಹುದಿತ್ತು, ಅಷ್ಟೇ. ಮಾತಾಡುತ್ತ ಮಾತಾಡುತ್ತ ಸಂಗನಗೌಡರು ಮುಖ ಒರೆಸಿಕೊಳ್ಳುವುದನ್ನು ಬಿಟ್ಟರು, ಆಮೇಲೆ ಮಾತನ್ನೂ ಬಿಟ್ಟರು, ಗೋಡೆಗೆ ಒರಗಿ ಗೊರಕೆ ಹೊಡೆದರು. ಎಂಜಿನಿಯರ ಒಳ್ಳೆಯ ಮನುಷ್ಯ. ಮೇಲೆ ಹತ್ತಿ ನೋಡಿ ಬಂದು, ಇದನ್ನು ಕೆಡವಿದರೆ ಪಾಪ ನನಗೆ ಸುತ್ತಿಕೊಳ್ಳುತ್ತದೆ ಎಂದು ತಾನೇ ಹೇಳಿದ.

ಮಂದಿರ ಉಳಿಯಿತು. ಮರುದಿನ ಯಮನೂರ ಕಾಯಿ ಕರ್ಪೂರ ಹಿಡಿದು ಬಂದ. ಈ ಸಲ ನಮಸ್ಕಾರ ಮರೆಯಲಿಲ್ಲ. ಆದರೂ ಮುಖ ಬಾಡಿತ್ತು.

“ಮರ್ಯಾದಿ ಉಳೀತ್ರಿ ಅಜ್ಜಾರ. ಹೊಟ್ಟಿ ಉಳೀಲಿಲ್ಲ. ಹೊಸಾ ಮನಿ ಕಟ್ಟಸಾವರು ಯಾರೂ ಇಲ್ಲ. ಖಾಜೇಸಾಬ ಸೈತ ಗೋವಾದ ಬಸ್ಸು ಹತ್ತತೇನಿ ಅಂತಾನ. ಒಂದು ಕೆಲಸ ಸಿಗೂ ಹಂಗ ಆಶೀರ್ವಾದ ಮಾಡ್ರಿ.”

ಅಜ್ಜಾರು ಕಾಯಿಯನ್ನು ಮುಟ್ಟಲಿಲ್ಲ. ಅವನ ಮುಂಗೈ ಹಿಡಿದು ಎಳೆದುಕೊಂಡೇ ನಿಚ್ಚಣಿಕೆ ಹತ್ತಿಸಿದರು. ಸುಣ್ಣ ಬಳಿದ ಛಾವಣಿಯ ಮೇಲೆ ಬರಿಗಾಲಲ್ಲಿ ನಿಲ್ಲಬಹುದಾಗಿತ್ತು. ಅಲ್ಲಿಂದ ಇಡೀ ಊರು ಕಾಣುತ್ತಿತ್ತು. ಕರಿ ಸ್ಲ್ಯಾಬು, ಅದರ ಪಕ್ಕ ಕರಿ ಸ್ಲ್ಯಾಬು, ಮೇಲೆ ಬಿಸಿಲಿನ ಝಳ ಕುಣಿಯುತ್ತಿತ್ತು. ಜನರೆಲ್ಲ ಬೀದಿಯ ಗಿಡಗಳ ಕೆಳಗಿದ್ದರು.

“ಇವನ್ನೆಲ್ಲಾ ಕಟ್ಟಿದವ ಯಾವನು?”

“ನಾನ್ರಿ.”

“ಇವನ್ನ ತಿದ್ದಾಕ ಪಟ್ಟಣದಿಂದ ಕಂಪನಿ ಬರತೈತೇನು?”

ಯಮನೂರ ಊರಿನ ಕಡೆ ನೋಡಿದ. “ಇಲ್ರಿ. ಇಷ್ಟು ಸಣ್ಣ ಕೆಲಸಕ್ಕ ಅವರು ಬರೂದಿಲ್ರಿ.”

ಅಜ್ಜಾರು ಅವನ ಕೈ ಬಿಟ್ಟರು.

“ಊರ ತುಂಬಾ ಒಲಿ ಹಚ್ಚಿಟ್ಟು ಕೆಲಸಿಲ್ಲಂತ ಅಳತೀ ಏನಲೇ? ನಡಿ, ನೀಲವ್ವನ ಮನಿಯಿಂದ ಆರಸ್ಕೋತ ಬಾ.”