ಗೇಟಿನಜ್ಜನಿಗೆ ಒಂದು ಹಾದಿ

ಹೊಳೆದಂಡೆಯ ಆ ಮಠಕ್ಕೆ ಹೋದವರು ದೇವರಿಗಿಂತ ಮೊದಲು ರೈಲು ನೋಡುತ್ತಿದ್ದರು. ನಗಬೇಡಿ, ನಿಜವನ್ನೇ ಹೇಳುತ್ತಿದ್ದೇನೆ.

ಮಠದ ಗುರುಗಳು ಸನ್ಯಾಸಕ್ಕೆ ಬರುವ ಮುಂಚೆ ಮೂವತ್ತು ವರ್ಷ ರೈಲ್ವೆ ಗೇಟು ಕಾದವರು. ಊರವರ ಬಾಯಲ್ಲಿ ಅವರು ಗೇಟಿನಜ್ಜ. ಈಗ ಅವರ ಕಣ್ಣು ದಿನದಿಂದ ದಿನಕ್ಕೆ ಮಂಜಾಗುತ್ತಿತ್ತು. ಇದಕ್ಕೆ ಮದ್ದಿಲ್ಲ, ದೀಪಾವಳಿಯ ಹೊತ್ತಿಗೆ ಏನೂ ಕಾಣಿಸದು ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

ಅಡಿವೆಪ್ಪ ಎಂಬ ಶಿಷ್ಯನಿಗೆ ಒಂದೇ ಆಸೆ. ಅಷ್ಟರೊಳಗೆ ಅಜ್ಜನಿಗೆ ಅವರ ಗೇಟನ್ನು ಇನ್ನೊಮ್ಮೆ ತೋರಿಸಬೇಕು. ಅಲ್ಲಿ ಮೇಲ್ಸೇತುವೆ ಬಂದು, ಗೇಟು ಹೋಗಿ ಎಷ್ಟೋ ಕಾಲವಾಗಿತ್ತು.

ಅಡಿವೆಪ್ಪ ಬಡಿಗರ ಮನೆತನದವನು. ಒಂದು ಕೋಣೆಯ ನಾಲ್ಕೂ ಗೋಡೆಗೆ ಹೊಂದಿಸಿ ಸೊಂಟದೆತ್ತರಕ್ಕೆ ಹಲಗೆ ಕಟ್ಟಿದ. ಹಲಗೆಯ ಮೇಲೆ ಗುಡ್ಡ, ಹೊಳೆ, ಜೋಳದ ಹೊಲ, ಇವುಗಳ ನಡುವೆ ಓಡುವ ಗೇಣುದ್ದದ ರೈಲು. ದೂರದ ಮೂಲೆಯಲ್ಲಿ ಅಜ್ಜನ ಗೇಟು, ಬೆರಳುದ್ದದ್ದು. ರೈಲು ಎಲ್ಲಿಯೂ ನಿಲ್ಲದೆ ಸುತ್ತಬೇಕೆಂದು ಬಾಗಿಲಿಗೂ ಅಡ್ಡವಾಗಿ ಹಲಗೆ ಹಾಕಿದ. ಒಳಗೆ ಹೋಗುವವರು ಅದರಡಿ ನುಸುಳಬೇಕು.

ನಟ್ಟನಡುವೆ ಅಜ್ಜನಿಗೊಂದು ಕುರ್ಚಿ ಇಟ್ಟ.

"ಬರ್ರಿ ಅಜ್ಜಾರ. ಎರಡ ಹೆಜ್ಜಿ ಬಗ್ಗಿದ್ರ ಸಾಕ್ರಿ."

ಅಜ್ಜ ಬಗ್ಗಿದರು. ಅರ್ಧ ದಾರಿಯಲ್ಲಿ ಮೊಣಕಾಲು ಮುಷ್ಕರ ಹೂಡಿತು. ಹಲಗೆಯಡಿಯಲ್ಲೇ, ತಂತಿಗಳ ನಡುವೆ ಕೂತುಬಿಟ್ಟರು. ತಲೆಯ ಮೇಲೆ ರೈಲು ಹಾದುಹೋಯಿತು.

"ಏನ ಕಾಣಸ್ತದ್ರಿ ಅಜ್ಜಾರ?"

"ಮೊಳಿ," ಎಂದರು ಅಜ್ಜ. "ಚಂದ ಬಡದೀಯಪಾ."

ಅಡಿವೆಪ್ಪ ಅವರನ್ನು ಹಿಂದಕ್ಕೆಳೆದು ಎಬ್ಬಿಸಿದ. ನಾಚಿಕೆಯಿಂದ ಸತ್ತುಹೋದಂತಾಗಿತ್ತು ಅವನಿಗೆ.

ಮರುದಿನ ಹೊಸ ಉಪಾಯದೊಂದಿಗೆ ಬಂದ. "ನಿಮ್ಮನ್ನ ಎತ್ಕೊಂಡ ದಾಟಸ್ತೀನ್ರಿ."

"ನೀ ಇಲ್ಲದ ದಿನ?"

"ಹಂಗಾರ ಹಲಗಿ ತಲಿಮಟ ಎತ್ತರಸ್ತೀನ್ರಿ. ನೆಟ್ಟಗ ನಡದ ಬರ್ರಿ."

"ಆವಾಗ ರೈಲು ನೋಡಾಕ ಏಣಿ ಕೊಡ್ತೀಯೇನು?"

"ಮತ್ತೇನ ಮಾಡ್ಲಿರಿ? ನಿಮಗಂತನ ಒಳಗ ಜಾಗಾ ಇಟ್ಟೀನಿ."

"ಜಾಗಾ ಇಟ್ಟೀಯಪಾ. ಹಾದಿ ಇಟ್ಟಿಲ್ಲ."

ಅಂದಿನಿಂದ ಅಜ್ಜ ದಿನಾ ಸಂಜೆ ಹೊಸ್ತಿಲಾಚೆ ಕೂತು ರೈಲಿನ ಸದ್ದು ಕೇಳತೊಡಗಿದರು. ಹೊಳೆಯ ಸದ್ದೂ ಅದರೊಳಗೆ ಬಂದು ಕೂಡುತ್ತಿತ್ತು. ರೈಲು ನೀರಿನಡಿಯಲ್ಲೆಲ್ಲೋ ಓಡುತ್ತಿದೆ ಅನ್ನಿಸುತ್ತಿತ್ತು, ಕೇಳುವವರಿಗೆ ಜೊಂಪು ಹತ್ತುತ್ತಿತ್ತು.

ಒಂದು ಸಂಜೆ ಅಜ್ಜ ಬಾಗಿಲು ಹುಡುಕುತ್ತ ಗೋಡೆ ಸವರುವುದನ್ನು ಅಡಿವೆಪ್ಪ ಕಂಡ. ಆ ಕಣ್ಣಿಗೆ ಇನ್ನು ಹೆಚ್ಚು ದಿನ ಉಳಿದಿರಲಿಲ್ಲ.

ಆಗಲೇ ಗರಗಸ ಹಿಡಿದ. ಕೂದಲೆಳೆಯ ಸಂದಿಲ್ಲದೆ ಕೂಡಿಸಿದ ಹಳಿ. ಕೊಯ್ಯಲು ಕೈ ಏಳಲಿಲ್ಲ.

"ಅಜ್ಜಾರ, ಇಲ್ಲಿ ಕೊಯ್ದ್ರ ರೈಲು ಬಿದ್ದೀತ್ರಿ."

"ಬಿದ್ದೀತು."

"ಸುತ್ತು ಹರೀತದ್ರಿ."

"ಹರೀತದ."

ಅಷ್ಟೇ. ಸಮಾಧಾನದ ಮಾತು ಒಂದೂ ಬರಲಿಲ್ಲ. ಬಡಿಗನಾದವನು ಮಾಡಬಾರದ ಕೆಲಸವನ್ನು ಅಡಿವೆಪ್ಪ ಮಾಡಿದ, ಕಣ್ಣು ಮುಚ್ಚಿಕೊಂಡು ಕೊಯ್ದ.

ಬಾಗಿಲಿಗೆ ಅಡ್ಡವಿದ್ದ ತುಂಡಿಗೆ ಬಿಜಾಗರಿ ಕೂಡಿಸಿದ. ಎತ್ತಿದರೆ ಹಾದಿ, ಇಳಿಸಿದರೆ ಹಳಿ. ಎತ್ತಿದ ಕೂಡಲೇ ಕರೆಂಟು ಹೋಗಿ ರೈಲು ಇದ್ದಲ್ಲೇ ನಿಲ್ಲುವಂತೆ ತಂತಿ ಎಳೆದ. ಮೊದಲ ಸಲ ಆ ಸಂದಿಯಲ್ಲಿ ರೈಲು ಮುಗ್ಗರಿಸಿತು, ಎರಡನೆಯ ಸಲವೂ. ಉಜ್ಜಿ ಉಜ್ಜಿ ಸರಿಮಾಡಿದ ಮೇಲೆ ಟಕ್ಕೆಂದು ದಾಟಿತು.

ಅಜ್ಜ ನೆಟ್ಟಗೆ ನಡೆದು ಒಳಗೆ ಬಂದರು. ಅಡಿವೆಪ್ಪ ಹಲಗೆ ಇಳಿಸಿದ, ರೈಲು ಓಡತೊಡಗಿತು. ಕುರ್ಚಿಯನ್ನು ಮೂಲೆಗೆ ಸರಿಸಿ ಅಜ್ಜನನ್ನು ಕೂರಿಸಿದ. ಅವರು ಮೂಗು ತಾಗುವಷ್ಟು ಹತ್ತಿರದಿಂದ ನೋಡಿದರು. ಕೆಂಪು ಬಿಳಿ ಪಟ್ಟೆಯ ಗೇಟು, ಬೇವಿನ ಮರ, ಗುಡಿಸಲಿನ ಮೊಳೆಗೆ ತೂಗುಬಿಟ್ಟ ಕಂದೀಲು. ಗೇಟಿನಾಚೆ ಒಂದು ಎತ್ತಿನ ಗಾಡಿ, ಗಾಡಿಯವನ ತಲೆಗೆ ಹಳದಿ ರುಮಾಲು.

"ನನ್ನ ಗೇಟ ಇದು," ಎಂದರು ಅಜ್ಜ.

ಅಡಿವೆಪ್ಪನಿಗೆ ಅಳು ಬಂತು. ಅತ್ತುಬಿಟ್ಟ.

ಅಜ್ಜ ಬೆರಳ ತುದಿಯಿಂದ ಗೇಟು ಎತ್ತಲು ನೋಡಿದರು. ಅದು ಮೇಲೇಳಲಿಲ್ಲ.

"ಅಂಟು ಹಾಕೀನ್ರಿ ಅಜ್ಜಾರ. ರೈಲು ನಿಲ್ಲೂದ ಇಲ್ಲಲ್ರಿ, ಅದಕ್ಕ ಗೇಟು ಯಾವಾಗಲೂ ಹಾಕೇ ಇರ್ತದ."

"ಯಾವಾಗಿಂದ?"

"ಯುಗಾದಿಯಿಂದ್ರಿ."

ಅಜ್ಜ ಗಾಡಿಯವನ ರುಮಾಲನ್ನು ಮೆಲ್ಲಗೆ ಸವರಿದರು.

"ಯುಗಾದಿಯಿಂದ ನಿಂತಾನ ಇವ," ಎಂದರು. "ರೈಲು ನಿಲ್ಲಸು ತಮ್ಮಾ. ಮೊದಲ ಇವ ಮನಿಗೆ ಹೋಗ್ಲಿ."