ನೆಲಮಾಳಿಗೆಯಿಂದ ಬಂದ ಭಾಷಣ

ಅಗ್ನಿಶಾಮಕ ಠಾಣೆಯ ವೈರ್‌ಲೆಸ್ ಆಪರೇಟರ್ ಫಕೀರಪ್ಪನ ಮುಂದೆ ಸಂಶೋಧನಾಲಯದ ನಿರ್ದೇಶಕರು ಕಾಗದ ಚಾಚಿದರು. ತಮ್ಮ ಹೊಸ ಆಂಟೆನಾ ಊರಿನ ಮೂಲೆಮೂಲೆಗೂ ಮಾತು ಮುಟ್ಟಿಸುತ್ತದೆ ಎಂದು ಅದರಲ್ಲಿ ಬರೆದಿತ್ತು.

"ಸಹಿ ಹಾಕಪ್ಪ. ನಾಳೆ ಮಂತ್ರಿಗಳಿಂದ ಉದ್ಘಾಟನೆ."

ದೊಡ್ಡಾಸ್ಪತ್ರೆಯ ನೆಲಮಾಳಿಗೆಯಲ್ಲಿ ಅದು ಮೂಕವಾಗುವುದು ಫಕೀರಪ್ಪನಿಗೆ ಗೊತ್ತಿತ್ತು. ಆಸ್ಪತ್ರೆಗೆ ಬೆಂಕಿ ಬಿದ್ದರೆ ಠಾಣೆಯವರು ಇಳಿಯಬೇಕಾದದ್ದು ಅಲ್ಲಿಗೇ.

"ಹಾಕ್ತೀನ್ರಿ ಸಾಹೇಬ್ರ. ಆದ್ರ ನಿಮ್ಮ ಮಾತಿಗೆ ತೂಕ ಜಾಸ್ತಿ. ಆಸ್ಪತ್ರಿ ನೆಲಮಾಳಿಗಿಗೆ ಇಳಿದು, ವೈರ್‌ಲೆಸ್ ಸೆಟ್‌ನ್ಯಾಗ ನೀವ ಆಂಟೆನಾದ ಗುಣ ಹೇಳ್ರಿ. ನಾ ಇಲ್ಲೇ ಠಾಣೇದಾಗ ಕುಂತು ಒಂದಕ್ಷರ ಬಿಡದಂಗ ಬರಕೋತೀನಿ."

ನಿರ್ದೇಶಕರು ಹಿಗ್ಗಿದರು. ನಡುವೆ ಬಾಯಿ ಹಾಕಬೇಡ ಎಂದು ತಾಕೀತು ಮಾಡಿ ಹೋದರು. ನೆಲಮಾಳಿಗೆಯಲ್ಲಿ ನಿಂತು ಅರ್ಧ ತಾಸು ಭಾಷಣ ಬಿಗಿದರು. ಮರಳಿ ಬಂದು ಕೈಚಾಚಿದರು.

ಫಕೀರಪ್ಪ ಕೊಟ್ಟ ಹಾಳೆಯಲ್ಲಿ ತಾರೀಖು, ವೇಳೆ ಬಿಟ್ಟರೆ ಬೇರೇನೂ ಇರಲಿಲ್ಲ.

"ಬರೆಯಲೇ ಇಲ್ಲವೇನಯ್ಯಾ?"

"ಕೇಳಿಸಿದ್ದೆಲ್ಲಾ ಬರದೀನ್ರಿ."

ನಿರ್ದೇಶಕರು ಹಾಳೆಯನ್ನು ಮಗುಚಿ ನೋಡಿದರು. ಹಾಗೇ ಕುರ್ಚಿಗೆ ಕುಸಿದರು.

"ಅಲ್ಲಿ ಬೆಂಕಿ ಹತ್ತಿಕೊಂಡು ನಾನು ಕೂಗಿದ್ದರೆ?"

"ಆಗೂ ನಾ ಇಷ್ಟ ಬರೀತಿದ್ದೆ ಸಾಹೇಬ್ರ."

ನಿರ್ದೇಶಕರು ಫೋನ್ ತೆಗೆದು ಉದ್ಘಾಟನೆ ನಿಲ್ಲಿಸಿದರು.